ಬಣ್ಣವೊಂದೇ ಸಂಕರಕ್ಕೆ ಸಾಕ್ಷಿಯೆ?

ಕಾಳೀ ತೀರದ ಮೌಳಂಗಿ, ದಾಂಡೇಲಿ ಕಾಡುಗಳ ಹಾವುಗಳನ್ನು ಕುರಿತ ಮಾತಿನಲ್ಲಿ ‘ಬೆರಕೆ’ ಎಂಬ ಶಬ್ದ ಅತಿ ಸುಲಭವಾಗಿ ನುಸುಳುತ್ತದೆ. ಕೇರೆಯೂ ನಾಗರವೂ ಕೂಡುವುವೆಂಬ ನಂಬಿಕೆಯನ್ನು ಬದಿಗಿಡೋಣ. ಅವುಗಳ ಕುಟುಂಬಗಳೇ ಬೇರೆ, ಹೆಣೆದುಕೊಂಡು ಏಳುವ ಜೋಡಿ ಬಹುಮಟ್ಟಿಗೆ ಕಾದಾಡುವ ಎರಡು ಗಂಡು ಕೇರೆಗಳು. ವಿಚಾರಾರ್ಹವಾದುದು ಮಲಬಾರ್ ಗುಳಿಮಂಡಲದ ಪ್ರಶ್ನೆ. ಈ ಒಂದೇ ಪ್ರಭೇದ ಹಸುರು, ಹಳದಿ, ಕಂದು ಎಂದು ನಾನಾ ಬಣ್ಣಗಳಲ್ಲಿ ಕಾಣುತ್ತದೆ. ಹೀಗಿರುವಾಗ ನಡುವಣ ಬಣ್ಣದ ಹಾವೊಂದನ್ನು ಕಂಡೊಡನೆ, ಅದು ಹತ್ತಿರದ ಸಂಬಂಧಿಯಾದ ಬಿದಿರು ಗುಳಿಮಂಡಲದೊಡನೆ ಆದ ಸಂಕರವೆನ್ನುವುದು ತರ್ಕವಲ್ಲ, ಆತುರ. ಸಂಕರ ಅಸಂಭವವೆಂದಲ್ಲ. ಸ್ಪೇನಿನ ಎಬ್ರೊ ನದಿಯ ಮೇಲ್ಕಣಿವೆಯಲ್ಲಿ ಎರಡು ಮಂಡಲದ ಪ್ರಭೇದಗಳು ನಿಸರ್ಗದಲ್ಲಿಯೇ ಬೆರೆತಿರುವುವು. ಆದರೆ ಅಲ್ಲಿ ಹೊರರೂಪದ ಜೊತೆಗೆ ಅನುವಂಶಿಕ ಪರೀಕ್ಷೆಯೂ ನಡೆದಿದೆ. ಕಳಚಿದ ಪೊರೆಯ ತುಣುಕೊಂದರಿಂದಲೂ ಆಗಬಹುದಾದ ಆ ಪರೀಕ್ಷೆಯಿಲ್ಲದೆ ‘ಬೆರಕೆ’ ಎಂದು ಬರೆದ ಕ್ಷೇತ್ರವರದಿಯನ್ನು ಅಧ್ಯಾಪಕರು ಅಂಗೀಕರಿಸಲಾಗದು.