ಭಾಗವತನಿಗೆ ಕ್ಲಾಸ್ ಇಲ್ಲ

‘ಡಯಾಬ್ಲೊ 2’ ಎಂಬ ಕಂಪ್ಯೂಟರ್ ಆಟದ ಕ್ಲಾಸ್‌ಗಳ ಬಗ್ಗೆ, ಅಂದರೆ ಆಟಗಾರ ಮೊದಲೇ ಆರಿಸಿಕೊಳ್ಳಬೇಕಾದ ಪಾತ್ರದ ಬಗೆಗಳ ಬಗ್ಗೆ, ಈ ವಾರ ಬರೆಯುತ್ತೇನೆಂದು ಹೇಳಿದ್ದೆ. ಅಷ್ಟರಲ್ಲಿ ಹುಕ್ಕೇರಿಯ ಓದುಗರೊಬ್ಬರ ತಕರಾರು ಬಂತು: ಕ್ಲಾಸ್ ಅನ್ನೋದು ಹಳೇ ಕಾಲದ ಬೇಲಿ, ‘ಸ್ಕೈರಿಮ್’ ಅದನ್ನು ಯಾವಾಗಲೋ ಕಿತ್ತೊಗೆಯಿತು, ನೀವಿನ್ನೂ ಅದನ್ನೇ ಹಿಡಕೊಂಡು ಕೂತಿದ್ದೀರಿ. ಈ ವಾದದ ಜತೆ ನನ್ನ ಜಗಳ ಹಳೆಯದು. ಡಯಾಬ್ಲೊ ಮುಂದಿನ ವಾರಕ್ಕಿರಲಿ.

2011ರ ಸ್ಕೈರಿಮ್‌ನಲ್ಲಿ ಕ್ಲಾಸ್‌ಗಳ ಬದಲು 18 ಸ್ಕಿಲ್‌ಗಳು, ಅಂದರೆ ಕುಶಲತೆಗಳು. ಯಾವುದನ್ನು ಬಳಸುತ್ತೀರೋ ಅದು ಬೆಳೆಯುತ್ತದೆ. ಕೇಳಲು ನ್ಯಾಯವಾದ ಏರ್ಪಾಡೇ. ಆದರೆ ಮಂತ್ರ ಕಲಿಯಲು ಹೊರಟವನೂ ಕೊಡಲಿ ಹಿಡಿದು ಹೊರಟವನೂ ಸ್ವಲ್ಪ ದಿನದಲ್ಲೇ ಕತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಬಾಣ ಬಿಡುತ್ತಿರುತ್ತಾರೆ. ಪರದೆಯ ನಡುವಿನ ಕಣ್ಣಿನ ಗುರುತು ಮುಚ್ಚಿತೆಂದರೆ ಯಾರೂ ನೋಡುತ್ತಿಲ್ಲ. ಆಗ ಬಿಟ್ಟ ಬಾಣಕ್ಕೆ ಪೆಟ್ಟು ಹೆಚ್ಚು, ಅಪಾಯ ಕಮ್ಮಿ. ಯಾವ ದಾರಿಯೂ ಬಂದಾಗದಿದ್ದರೆ ಎಲ್ಲರೂ ಸಲೀಸಾದದ್ದನ್ನೇ ಹಿಡಿಯುತ್ತಾರೆ.  ಸ್ಕೈರಿಮ್‌ನ ನಾಯಕ ಮಂತ್ರವಿದ್ಯೆಯ ಕಾಲೇಜಿಗೂ ಮುಖ್ಯಸ್ಥ, ಕಳ್ಳರ ಕೂಟಕ್ಕೂ ಒಡೆಯ. ಅವನಿಗೆ ಯಾರ ಹಂಗೂ ಇಲ್ಲ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಮೇಜಿನ ಸುತ್ತ ಕೂತು ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರತಂದಾಗ ಇದ್ದದ್ದು ಮೂರೇ ಕ್ಲಾಸ್: ಕಾದಾಡುವವನು, ಮಂತ್ರವಾದಿ, ಪೂಜಾರಿ. ಮಂತ್ರವಾದಿ ಕತ್ತಿ ಹಿಡಿಯುವಂತಿರಲಿಲ್ಲ, ಹಾಗಾಗಿ ಅವನ ಮುಂದೆ ನಿಲ್ಲಲು ಒಬ್ಬ ಬೇಕಿತ್ತು. ಆ ಒಬ್ಬನ ಗಾಯಕ್ಕೆ ಪೂಜಾರಿ ಬೇಕಿತ್ತು. ಕೊರತೆಯೇ ಅವರನ್ನು ಒಂದುಗೂಡಿಸುತ್ತಿತ್ತು. ಇದನ್ನು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಬರೆಯದೇ ಉಳಿದದ್ದು ಆ ಮೇಜಿನ ಇನ್ನೊಬ್ಬನ ಬಗ್ಗೆ. ಆಟ ನಡೆಸುವ ಆತನಿಗೆ ಕ್ಲಾಸೇ ಇಲ್ಲ. ಛತ್ರದ ಯಜಮಾನ ಅವನೇ, ಬಾಗಿಲ ಕಾವಲುಗಾರ ಅವನೇ, ಗುಹೆಯ ಡ್ರ್ಯಾಗನ್ನೂ ಅವನೇ.

ಇಂಥವನನ್ನು ನಮ್ಮ ಗೋಕಾಕ ಸೀಮೆ ಚೆನ್ನಾಗಿ ಬಲ್ಲದು. ಕುಲಗೋಡ ತಮ್ಮಣ್ಣ ಆಡಿಸಿ ಬೆಳೆಸಿದ, ಕೌಜಲಗಿ ನಿಂಗಮ್ಮ ಮೇಳ ಕಟ್ಟಿ ಊರೂರಿಗೆ ಒಯ್ದ ಶ್ರೀಕೃಷ್ಣ ಪಾರಿಜಾತ ಬಯಲಾಟವನ್ನು ನೆನೆಯಿರಿ. ನಾರದ ತಂದ ಹೂವು ರುಕ್ಮಿಣಿಯ ಪಾಲಾಗುತ್ತದೆ, ಭಾಮೆ ಮುನಿಯುತ್ತಾಳೆ. ಬೆಳಕು ಹರಿಯುವವರೆಗೂ ಭಾಮೆ ಭಾಮೆಯೇ. ಕೃಷ್ಣ ಕೊರವಂಜಿಯಾಗಿ ಬಂದು ಕಣಿ ಹೇಳುವಾಗಲೂ ಒಳಗಿರುವವನು ಯಾರೆಂದು ಕೂತವರಿಗೆಲ್ಲ ಗೊತ್ತು; ರಸ ಇರುವುದು ಅದರಲ್ಲೇ. ಆಟ ನಡೆಸುವ ಭಾಗವತನ ಮಾತೇ ಬೇರೆ. ಈಗಷ್ಟೇ ಪದಕ್ಕೆ ದನಿಗೂಡಿಸುತ್ತಿದ್ದವನು ಮರುಗಳಿಗೆ ಭಾಮೆಯ ಎದುರು ನಿಂತು ಮುನಿಸಿನ ಕಾರಣ ಕೇಳುವ ಗೆಳತಿಯಾಗುತ್ತಾನೆ. ವೇಷ ಬದಲಿಸುವ ಗೋಜಿಲ್ಲ, ದನಿ ಬದಲಾದರೆ ಸಾಕು. ಅವಳನ್ನು ಕೆಣಕುತ್ತಾನೆ, ರಮಿಸುತ್ತಾನೆ, ನಡುವೆಯೇ ತಿರುಗಿ ಜನರೊಂದಿಗೆ ಮಾತಿಗಿಳಿಯುತ್ತಾನೆ. ಅವಳು ಹಟ ಬಿಡದಿರುವುದರಿಂದಲೇ ಅವನಿಗೆ ಇಷ್ಟು ಕೆಲಸ.

ಆಟ ಮೇಜಿನಿಂದ ಕಂಪ್ಯೂಟರಿಗೆ ಬಂದಾಗ ಈ ಭಾಗವತ ಮರೆಯಾದ. ಅವನಿಗಿದ್ದ ಸ್ವಾತಂತ್ರ್ಯವನ್ನು ಸ್ಕಿಲ್ ಪಕ್ಷದವರು ತಂದು ನಾಯಕನ ಕೈಗಿತ್ತರು. ಮುನಿಯಬೇಕಾದ ಭಾಮೆಯೇ ಭಾಗವತಿಕೆಗೂ ನಿಂತರೆ ಅವಳನ್ನು ಒಲಿಸುವವರು ಯಾರು?

ಒಂದು ಸ್ಕಿಲ್ ಆಟಕ್ಕೆ ಮಾತ್ರ ನಾನು ತಲೆಬಾಗುತ್ತೇನೆ: 2019ರ ‘ಡಿಸ್ಕೊ ಎಲಿಸಿಯಂ’. ಅದರಲ್ಲಿ 24 ಸ್ಕಿಲ್‌ಗಳಿವೆ, ಎಲ್ಲಕ್ಕೂ ಬಾಯಿ ಇದೆ. ನೆನಪು ಕಳಕೊಂಡ ಪತ್ತೇದಾರನಿಗೆ ‘ಎನ್‌ಸೈಕ್ಲೊಪೀಡಿಯಾ’ ಕೇಳದ ಸಂಗತಿಗಳನ್ನೆಲ್ಲ ಒದರುತ್ತದೆ, ‘ಹಾಫ್ ಲೈಟ್’ ಹೆದರಿಸುತ್ತದೆ, ‘ಇಲೆಕ್ಟ್ರೊಕೆಮಿಸ್ಟ್ರಿ’ ಕುಡಿ ಕುಡಿ ಎಂದು ಪೀಡಿಸುತ್ತದೆ. ಪಾಯಿಂಟ್ ಸುರಿದಷ್ಟೂ ಆ ದನಿ ಜೋರಾಗುತ್ತದೆ, ದಾರಿಯನ್ನೂ ತಪ್ಪಿಸುತ್ತದೆ. ಪತ್ತೇದಾರ ಮಾತ್ರ ಅವನೇ. ಅವನ ಕುಡಿತದ ಹಾಳು ದಿನಗಳನ್ನಾಗಲಿ, ಬಿಟ್ಟುಹೋದ ಹೆಣ್ಣನ್ನಾಗಲಿ ಯಾವ ಪಾಯಿಂಟೂ ಅಳಿಸಲಾರದು. ಒಬ್ಬ ಭಾಮೆ, ಸುತ್ತ 24 ಭಾಗವತರು.

ಹುಕ್ಕೇರಿಯ ಓದುಗರು ಇದನ್ನು ಕೊನೆಯವರೆಗೂ ಆಡಿ ಪತ್ರ ಬರೆಯಲಿ. ಭಾರಿ ಕಂಪ್ಯೂಟರೇನೂ ಬೇಕಾಗಿಲ್ಲ.