ಸೋರುವ ಮಾಳಿಗೆ ಯಾರದು?

ಶಿಶುನಾಳ ಶರೀಫರು ಗಿಟಾರಿನವರ ಕೈಗೆ ಸಿಕ್ಕು ಕೆಟ್ಟರೆಂದು ಅಳುವವರು ಒಂದು ಕಡೆ. ಗಿಟಾರಿನಿಂದಲೇ ಅವರು ಲೋಕಕ್ಕೆ ಗೊತ್ತಾದರೆಂದು ಚಪ್ಪಾಳೆ ಹೊಡೆಯುವವರು ಇನ್ನೊಂದು ಕಡೆ. 2008ರಲ್ಲಿ ರಘು ದೀಕ್ಷಿತ್ ತಂಡದ ಮೊದಲ ಆಲ್ಬಮ್ ಬಂತು. ಅದರಲ್ಲಿ ಶರೀಫರ ಗುಡುಗುಡಿಯ ಪದ, ಸೋರುವ ಮಾಳಿಗೆಯ ಪದ ಎರಡೂ ರಾಕ್ ಆಗಿ ಹೊರಬಿದ್ದವು. ಅಂದಿನಿಂದ ಈ ಜಗಳ ನಡೆದೇ ಇದೆ. ಎರಡೂ ಕಡೆಯವರು ವಾದ್ಯದ ಬಗ್ಗೆ, ಹಾಡುವವನ ಬಗ್ಗೆ ಮಾತಾಡುತ್ತಾರೆ. ಕೇಳುವವನು ಯಾರು, ಅವನು ಎಲ್ಲಿ ಕೂತಿದ್ದಾನೆ, ಅವನ ತಲೆಯ ಮೇಲೆ ಎಂಥ ಮಾಳಿಗೆ ಇದೆ ಎಂಬ ಪ್ರಶ್ನೆ ಇಬ್ಬರಿಗೂ ಬೇಕಾಗಿಲ್ಲ. ನಮಗೆ ಬೇಕಾದದ್ದು ಆ ಪ್ರಶ್ನೆಯೇ.

ಗುಡುಗುಡಿಯ ಪದದಲ್ಲಿ ಸೇದುವ ಸಾಮಾನೆಲ್ಲ ಒಂದೊಂದಾಗಿ ಮನಸ್ಸು, ಬುದ್ಧಿ, ಅರಿವು ಆಗುತ್ತ ಹೋಗುತ್ತದೆ. ಗಾಂಜಾದ ಮಾತೂ ಬರುತ್ತದೆ, ಅದೂ ಸಂಕೇತವೇ. ನಗರದ ಹುಡುಗರಿಗೆ ಇದು ಕುಣಿಯುವ ಪದ, ಹೊಗೆಯ ಪದ. ಇನ್ನಷ್ಟು ಓದಿಕೊಂಡವರಿಗೆ ಅದು 'ಸ್ಪಿರಿಚುಯಲ್'. ಈ ಮಾತು ಬಲು ಅನುಕೂಲದ್ದು. ಇದರಲ್ಲಿ ದೇವರಿರಬಹುದು, ಗುಡಿ ಬೇಕಿಲ್ಲ. ಗುರು ಇರಬಹುದು, ಅವನ ಜಾತಿ ಕೇಳಬೇಕಿಲ್ಲ. ಮನಸ್ಸಿನ ಶಾಂತಿ ಇರಬಹುದು, ಮನೆಗೆಲಸದವಳ ಕೂಲಿಯ ಮಾತು ಬೇಕಿಲ್ಲ. ಜಾತಿಯನ್ನು ದಾಟಿದ ಅನುಭಾವವನ್ನು ಜಾತಿಯನ್ನೇ ಮರೆಸುವ ಅನುಭಾವವನ್ನಾಗಿ ಕೇಳಿಸಿಕೊಳ್ಳುವ ಕಿವಿ ಇದು.

ಈ ಕಿವಿಯನ್ನು ರಾಕ್ ಒಂದೇ ತಯಾರು ಮಾಡಿತು ಎಂದರೆ ಅನ್ಯಾಯ. ಅದಕ್ಕೂ ಮುಂಚೆ ಶರೀಫರನ್ನು ಮಧ್ಯಮ ವರ್ಗದ ಪಡಸಾಲೆಗೆ ಕರೆತಂದವರು ಸಿ. ಅಶ್ವತ್ಥ್. ದೊಡ್ಡ ಕಂಠ, ಅದರಲ್ಲಿ ಅನುಮಾನವಿಲ್ಲ. 1990ರಲ್ಲಿ ನಾಗಾಭರಣರ ಸಿನಿಮಾ ಬಂದು ಅದಕ್ಕೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿಯೂ ಸಿಕ್ಕಿತು. ಬ್ರಾಹ್ಮಣ ಗುರು ಗೋವಿಂದಭಟ್ಟರು ಮುಸಲ್ಮಾನ ಶಿಷ್ಯನನ್ನು ಮನೆಯೊಳಗೆ ಕರೆದದ್ದಕ್ಕೆ ತಮ್ಮವರಿಂದ ಬಹಿಷ್ಕಾರ ಉಂಡರೆಂದು ಜನ ಹೇಳುತ್ತ ಬಂದ ಕತೆಯನ್ನು ಎರಡು ಧರ್ಮಗಳು ಕೈಕುಲುಕುವ ಕತೆಯಾಗಿ ನೋಡಿ ಊರು ಖುಷಿಪಟ್ಟಿತು. ಬಹಿಷ್ಕಾರ ಹಾಕಿದವರು ಯಾರು ಎಂದು ಯಾರೂ ಕೇಳಲಿಲ್ಲ. ಭಾವೈಕ್ಯ ಎಂಬುದು ಸರಕಾರದ ಪದ, ಶರೀಫರದಲ್ಲ.

ಈಗ ಮಾಳಿಗೆಗೆ ಬರೋಣ. ನಮ್ಮ ವಿಜಯಪುರದ ಕಡೆ, ಬಬಲೇಶ್ವರ ತಾಲ್ಲೂಕಿನ ನಿಡೋಣಿಯಂಥ ಊರಿನಲ್ಲಿ, ಹಳೆಯ ಮನೆಗಳಿಗೆಲ್ಲ ಮಣ್ಣಿನ ಮಾಳಿಗೆ. ಜಂತಿ, ಅದರ ಮೇಲೆ ಕಟಿಗಿ, ಅದರ ಮೇಲೆ ಮಣ್ಣು. ಮಳೆ ಜೋರು ಹಿಡಿದರೆ ಯಾರಾದರೂ ಹತ್ತಿ ಮಣ್ಣು ಸರಿಮಾಡಬೇಕು. ಕೆಳಗೆ ಬೋಗುಣಿ, ತಾಟು ಇಡಬೇಕು. ಶರೀಫರ ಪದದಲ್ಲಿ ಮಾಳಿಗೆ ಸೋರುವುದು ಅಜ್ಞಾನದಿಂದ. ಆದರೆ ಮಾಳಿಗೆ ಸೋರುವುದನ್ನು ಕಂಡವನೇ ಬರೆದ ಪದ ಅದು. ಕಾಂಕ್ರೀಟಿನ ಕೆಳಗೆ ಕೂತು ಕೇಳುವವನಿಗೆ ಸೋರುವ ಮನೆ ಬರೀ ಒಂದು ಉಪಮೆ. ಅವನಿಗೆ ಒಳ ಅರ್ಥ ಮಾತ್ರ ಉಳಿಯುತ್ತದೆ, ಹೊರಗಿನದು ಬಣ್ಣವಾಗಿ ಹೋಗುತ್ತದೆ. ಆ ಆಲ್ಬಮ್ ಬಂದ ಮರುವರ್ಷ, 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿಗೆ, ಉತ್ತರ ಕರ್ನಾಟಕದ ಮೇಲೆ ಬಿದ್ದ ಮಳೆಗೆ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮಣ್ಣಿನ ಮನೆಗಳು ಊರೂರಲ್ಲಿ ಕುಸಿದವು. ಆ ವಾರ ಅದೇ ಪದವನ್ನು ಕೇರಿಯಲ್ಲಿ ಹಾಕಿದ್ದರೆ ಅದರ ಅರ್ಥ ಏನಾಗುತ್ತಿತ್ತು?

ಕೆಲವು ಬಂಡಾಯ ವಿಮರ್ಶಕರು ಇಲ್ಲಿ ತಟ್ಟನೆ ಉತ್ತರ ಕೊಡುತ್ತಾರೆ: ಅಜ್ಞಾನ ಎಂಬಲ್ಲಿ ಬಡತನ ಎಂದು ಓದಿಕೊಳ್ಳಿ, ದೇವರ ಮಾತೆಲ್ಲ ಪುರೋಹಿತಶಾಹಿಯ ಹೊಗೆ. ನಾನು ಒಪ್ಪುವುದಿಲ್ಲ. ಮಾಳಿಗೆ ಸೋರುವ ಮನೆಯವಳಿಗೆ ತನ್ನ ಮನೆಯೂ ಗೊತ್ತು, ಪದದ ಮನೆಯೂ ಗೊತ್ತು. 'ಇದು ಮೈಯ ಮಾತೈತಿ, ಮನಿದೂ ಐತಿ' ಎಂದು ಎರಡನ್ನೂ ಒಟ್ಟಿಗೆ ಹಿಡಿಯುವ ಶಕ್ತಿ ಆಕೆಗಿದೆ. ಒಂದನ್ನು ಕಿತ್ತುಕೊಂಡು ಇನ್ನೊಂದನ್ನು ಮಾತ್ರ ಕೊಡುವವನು ಸ್ವಾಮಿಯಾದರೇನು, ಕಾಮ್ರೇಡನಾದರೇನು?

ಈ ನೆಲದಲ್ಲಿ ಇದು ಹೊಸದೂ ಅಲ್ಲ. ವಿಜಾಪುರದ ಸೂಫಿಗಳ ಬಗ್ಗೆ ರಿಚರ್ಡ್ ಈಟನ್ 1978ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಚಕ್ಕಿನಾಮಾಗಳ ಮಾತಿದೆ. ದಖನಿಯಲ್ಲಿ ಕಟ್ಟಿದ ಬೀಸುಕಲ್ಲಿನ ಪದಗಳವು. ಕಲ್ಲಿನ ಗೂಟ, ಕಲ್ಲು, ಕಾಳು ಎಲ್ಲವೂ ದೇವರ ಕಡೆಗೆ ಬೆರಳು ಮಾಡುತ್ತವೆ. ಹೆಣ್ಣುಮಕ್ಕಳು ಅವನ್ನು ಬೀಸುತ್ತ ಹಾಡಿದರು. ಸೂಫಿಯ ಸಿದ್ಧಾಂತ ದೊಡ್ಡದೇ ಇರಬಹುದು. ಅದು ಬದುಕಿದ್ದು ಜೋಳ ಬೀಸುವ ರಟ್ಟೆಯಲ್ಲಿ. ಹಲಸಂಗಿಯ ಗೆಳೆಯರು ಇದೇ ಸೀಮೆಯ ಕನ್ನಡದ ಬೀಸುವ ಪದಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಹೆಸರಿಟ್ಟರು. ದೊಡ್ಡ ಕೆಲಸ. ಆದರೆ ಬೀಸಿದವಳನ್ನು 'ಗರತಿ' ಎಂದು ಕರೆದವರು ಪದ ಬರೆದುಕೊಂಡವರು, ಆಕೆಯಲ್ಲ.

ಹಾಗಾದರೆ ಹಳ್ಳಿಯ ಭಜನೆ ಮೇಳವೇ ಶರೀಫರ ನಿಜವಾದ ಮನೆಯೇ? ಅಲ್ಲಿ ಒಂದು ಒಳ್ಳೆಯ ರೂಢಿ ಉಂಟು. ಏಕತಾರಿ, ದಮ್ಮಡಿ ನಿಂತ ಮೇಲೆ ಯಾರಾದರೂ 'ಇದನ್ನ ಒಡದ ಹೇಳ್ರಿ' ಅನ್ನುತ್ತಾರೆ. ಹಿರಿಯನೊಬ್ಬ ಹೇಳುತ್ತಾನೆ, ಇನ್ನೊಬ್ಬ ತಕರಾರು ತೆಗೆಯುತ್ತಾನೆ, ರಾತ್ರಿ ಸರಿಯುತ್ತದೆ. ರಾಕ್ ಮೈದಾನದಲ್ಲಿ ಈ ಕೇಳುವ ಜಾಗವೇ ಇಲ್ಲ. ಅಷ್ಟು ಗದ್ದಲದಲ್ಲಿ ಯಾರನ್ನು ಕೇಳೋಣ? ಇದು ನಿಜವಾದ ನಷ್ಟ. ಆದರೆ ಮೇಳ ಕೂಡುವುದು ಎಷ್ಟೋ ಊರಲ್ಲಿ ಗುಡಿಯ ಕಟ್ಟೆಯ ಮೇಲೆ. ಆ ಕಟ್ಟೆ ಹತ್ತಲು ಕೇರಿಯವರಿಗೆ ಬಿಡುವು ಇಲ್ಲದ ಊರಲ್ಲಿ ಒಡೆದು ಹೇಳುವ ಪದ್ಧತಿ ಎಷ್ಟು ಚೆಂದವಿದ್ದರೇನು? ಮೈದಾನದ ಬಾಗಿಲಲ್ಲಿ ಟಿಕೀಟು ಕೇಳುತ್ತಾರೆ, ಕಟ್ಟೆಯ ಬಾಗಿಲಲ್ಲಿ ಜಾತಿ. ಟಿಕೀಟನ್ನಾದರೂ ಸಾಲ ಮಾಡಿ ಕೊಳ್ಳಬಹುದು.

ಕೇಳುವವರು ಹಾಡಿನ ನಂಬಿಕೆಯನ್ನು ಜಾಣತನದಿಂದ ಸೋಸಿಬಿಡುವುದು ಜಗತ್ತಿನ ತುಂಬ ನಡೆದಿದೆ. ಜಮೈಕಾದ ಬಾಬ್ ಮಾರ್ಲಿ 1981ರಲ್ಲಿ ತೀರಿಕೊಂಡ. ಅವನು ರಾಸ್ತಾಫಾರಿ. ಇಥಿಯೋಪಿಯಾದ ದೊರೆ ಹೈಲೆ ಸೆಲಾಸಿಯನ್ನು ದೇವರೆಂದು ನಂಬಿದ ಕಪ್ಪು ಬಡವರ ಪಂಥ ಅದು. ಅವರ ಬಾಯಲ್ಲಿ ಬೈಬಲ್ಲಿನ ಬ್ಯಾಬಿಲೋನ್ ಎಂದರೆ ಪೊಲೀಸು, ಸರಕಾರ, ಗುಲಾಮರನ್ನು ಮಾರಿದ ಬಿಳಿಯರ ಲೋಕ. ಇವತ್ತು ಬೆಂಗಳೂರಿನಲ್ಲಿ ಮಾರ್ಲಿಯ ಮುಖವಿರುವ ಅಂಗಿ ತೊಟ್ಟವನಿಗೆ ಉಳಿದಿರುವುದು ಎಲೆಯ ಹೊಗೆ, ಬೀಚಿನ ಗಾಳಿ. ದೇವರೂ ಹೋದ, ಬ್ಯಾಬಿಲೋನೂ ಹೋಯಿತು. ಇವೆರಡೂ ಒಟ್ಟಿಗೇ ಹೋದದ್ದನ್ನು ಗಮನಿಸಬೇಕು. ನಂಬಿಕೆಯನ್ನು ತೆಗೆದರೆ ಸಿಟ್ಟು ಉಳಿಯುತ್ತದೆ ಎಂದುಕೊಂಡಿದ್ದ ವಿಚಾರವಾದಿಗಳಿಗೆ ಇಲ್ಲಿ ಉತ್ತರವಿದೆ.

ಇನ್ನು ಕೇರಿಯ ಹುಡುಗರು ಏನು ಕೇಳುತ್ತಾರೆ? ಗಡಿಯಾಚೆ ಸೊಲ್ಲಾಪುರ, ಸಾಂಗಲಿ. ಏಪ್ರಿಲ್ 14 ಬಂದರೆ ಮರಾಠಿ ಭೀಮಗೀತೆಗಳು ಡಿಜೆಯ ಮೇಲೆ ಎದೆ ನಡುಗಿಸುತ್ತವೆ. ಕೇರಿಯ ರಾಕ್ ಅದೇ. ಮಾತು ಪೂರ್ತಿ ತಿಳಿಯದಿದ್ದರೂ ಹುಡುಗರು ಕುಣಿಯುತ್ತಾರೆ. ಬಾಬಾಸಾಹೇಬರು ಆ ಪದಗಳಲ್ಲಿ ತಂದೆ, ಕೆಲವೊಮ್ಮೆ ದೇವರೇ. ಇದು ಭಕ್ತಿಯಲ್ಲದೆ ಮತ್ತೇನು ಎಂದು ಮೂಗು ಮುರಿಯುವವರಿದ್ದಾರೆ. ಅವರ ಬಳಿ ಒಂದು ಗಟ್ಟಿ ಆಧಾರವೂ ಇದೆ: ರಾಜಕಾರಣದಲ್ಲಿ ಭಕ್ತಿ ಸರ್ವಾಧಿಕಾರದ ದಾರಿ ಎಂದು ಸಂವಿಧಾನ ಸಭೆಯಲ್ಲಿ, 1949ರ ನವೆಂಬರ್ 25ರಂದು, ಬಾಬಾಸಾಹೇಬರೇ ಎಚ್ಚರಿಸಿದ್ದರು. ಆ ಎಚ್ಚರ ನಮಗೆ ಬೇಕೇಬೇಕು. ಆದರೆ ಊರ ದಾರಿಯಲ್ಲಿ ಮೆರವಣಿಗೆ ಹೋಗುವುದೇ ಜಗಳವಾಗುವ ಕಡೆ, ಆ ದಾರಿಯಲ್ಲೇ ಅಷ್ಟು ಜೋರಾಗಿ ಆ ಹೆಸರು ಕೂಗುವುದು ಕೈಮುಗಿದು ಕೂರುವ ಭಕ್ತಿ ಹೇಗಾದೀತು? ಕೊರತೆ ಇರುವುದು ಬೇರೆ ಕಡೆ. ಡಿಜೆ ನಿಂತ ಮೇಲೆ 'ಒಡದ ಹೇಳ್ರಿ' ಅನ್ನುವ ರಾತ್ರಿ ಕೇರಿಗೂ ಇಲ್ಲ. 2018ರ ಜನವರಿಯಲ್ಲಿ ಚೆನ್ನೈಯಲ್ಲಿ ಪಾ. ರಂಜಿತ್, ತೆನ್ಮಾ ಸೇರಿ ಕಟ್ಟಿದ ಕಾಸ್ಟ್‌ಲೆಸ್ ಕಲೆಕ್ಟಿವ್ ತಂಡ ಪರೈ, ಗಾನಾ, ಗಿಟಾರ್ ಕೂಡಿಸಿ ಮೀಸಲಾತಿಯ ಬಗ್ಗೆ, ಗೋಮಾಂಸದ ಬಗ್ಗೆ ಹಾಡಿತು. ಗಿಟಾರು ತಾನಾಗಿ ಯಾರ ಜಾತಿಯದೂ ಅಲ್ಲ ಎಂಬುದಕ್ಕೆ ಇಷ್ಟು ಸಾಕು.

ಕೊನೆಗೆ ಒಂದು ಕೆಲಸದ ಮಾತು, ಮಾಸ್ತರರಿಗೆ ಮತ್ತು ಕಾಲೇಜಿನ ಹುಡುಗ ಹುಡುಗಿಯರಿಗೆ. ಶರೀಫರು ಮೊಹರಂಗೆಂದು ರಿವಾಯತ ಪದಗಳನ್ನೂ ಕಟ್ಟಿದ್ದಾರೆ, ಕರ್ಬಲಾದ ದುಃಖದವು. ದೀಕ್ಷಿತರ ತಂಡದ 2008ರ ಆಲ್ಬಮ್ಮಿನಲ್ಲೂ 2013ರದರಲ್ಲೂ ಅವಿಲ್ಲ. ಸ್ಪಿರಿಚುಯಲ್ ಕಿವಿಗೆ ಅವು ಬಹಳ ಮುಸಲ್ಮಾನರವು, ಬಹಳ ಊರಿನವು. ನಮ್ಮ ಕಡೆ ಅಲಾಯಿ ಕುಣಿಯ ಸುತ್ತ ರಿವಾಯತ ಪದಗಳು ಏಳುವಾಗ ಹಲಗೆ ಬಾರಿಸುವವರು ಕೇರಿಯವರು. ಪದ ಹಾಡುವವರ ಹೆಸರು ಬರೆದುಕೊಂಡು ಹೋದವರು ಬೇಕಾದಷ್ಟಿದ್ದಾರೆ. ಮುಂದಿನ ಮೊಹರಂಗೆ ಮೊಬೈಲ್ ಹಿಡಿದು ಹೋಗುವವರು ಹಲಗೆಯವನ ಪಕ್ಕ ಕೂತು, ಬೆಂಕಿಗೆ ಹಲಗೆ ಕಾಸುವ ಹೊತ್ತಿನಲ್ಲಿ, ಆ ಪದ ಅವನಿಗೆ ಹೇಗೆ ಕೇಳುತ್ತದೆ ಎಂದು ಕೇಳಿ ಬರೆದುಕೊಂಡು ಬರಲಿ.