ಸಿ ಫುಲ್, ಡಿ ಖಾಲಿ

ಎಸ್.ಪಿ. ರೋಡಿನಲ್ಲಿ ಕಂಪ್ಯೂಟರ್ ಅಸೆಂಬಲ್ ಮಾಡಿಸುತ್ತಿದ್ದ ಕಾಲ ನೆನಪಿದೆಯಾ? ಒಳಗೆ ಇರೋದು ಒಂದೇ ಹಾರ್ಡ್‌ಡಿಸ್ಕ್. ಆದರೆ ಮೈ ಕಂಪ್ಯೂಟರ್ ತೆಗೆದರೆ ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಮನೆಯ ಥರ ಸಿ, ಡಿ, ಇ, ಎಫ್ ಅಂತ ನಾಲ್ಕು ಡ್ರೈವು. ಸಿ ವಿಂಡೋಸಿಗೆ, ಡಿ ಕೆಲಸಕ್ಕೆ, ಇ ಹಾಡಿಗೆ, ಎಫ್ ಸಿನಿಮಾಗೆ. ಸ್ವಲ್ಪ ದಿನಕ್ಕೆ ಸಿ ತುಂಬಿ ಮೆಶೀನು ಏದುಸಿರು ಬಿಡೋದು. ಪಕ್ಕದ ಡಿಯಲ್ಲಿ ಕ್ರಿಕೆಟ್ ಆಡುವಷ್ಟು ಜಾಗ. ಹಾಗಂತ ಸಿಯಲ್ಲಿರೋ ಪ್ರೋಗ್ರಾಮನ್ನು ಎತ್ತಿ ಡಿಗೆ ಇಡೋ ಹಾಗಿಲ್ಲ. ಇಟ್ಟರೆ ಬಹುತೇಕ ಓಡೋದಿಲ್ಲ, ಯಾಕಂದ್ರೆ ಅದರ ವಿಳಾಸದಲ್ಲೇ ‘ಸಿ’ ಅಂತ ಬರೆದುಹೋಗಿದೆ.

ಈ ಕಿರಿಕಿರಿಯನ್ನು ನಾವೆಲ್ಲ ಪಾರ್ಟಿಷನ್ ಸರಿಯಾಗಿ ಮಾಡದ ಅಂಗಡಿ ಹುಡುಗನ ತಲೆಗೆ ಕಟ್ಟಿದ್ದೇವೆ. ಪಾಪ, ಅವನದೇನೂ ತಪ್ಪಿಲ್ಲ. ನನ್ನ ತಕರಾರು ಇರೋದು ಫೋಲ್ಡರ್ ಒಳಗೆ ಫೋಲ್ಡರ್ ಇಡುವ ಈ ಮರದಂಥ ವ್ಯವಸ್ಥೆಯ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಆ ಮರವನ್ನು ನಮಗೆ ತೋರಿಸುವ ರೀತಿಯ ಬಗ್ಗೆ. ಫೈಲಿನ ವಿಳಾಸಕ್ಕೆ ನಾವು ಎರಡು ಪ್ರಶ್ನೆ ಕೇಳುತ್ತೇವೆ. ಇದು ಯಾವುದಕ್ಕೆ ಸೇರಿದ್ದು? ಇದು ಎಲ್ಲಿ ಹಿಡಿಸುತ್ತೆ? ತಂಗಿ ಮದುವೆಯ ಫೋಟೋಗಳು ‘ಕುಟುಂಬ’ ಅನ್ನೋ ಫೋಲ್ಡರಿಗೆ ಸೇರಿದ್ದು ಅನ್ನೋದು ನನ್ನ ತೀರ್ಮಾನ. ಅವು 60 ಜಿಬಿ ಇವೆ, ಈ ಲ್ಯಾಪ್‌ಟಾಪಿನಲ್ಲಿ ಹಿಡಿಸಲ್ಲ ಅನ್ನೋದು ಡಿಸ್ಕಿನ ತೀರ್ಮಾನ. ಈ ಎರಡಕ್ಕೂ ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೂ ಎರಡಕ್ಕೂ ಒಂದೇ ಸಾಲಿನ ಉತ್ತರ ಕೊಡಬೇಕು ಅಂತ ಸಾಫ್ಟ್‌ವೇರು ಹಟ ಹಿಡಿಯುತ್ತೆ.

ಡ್ರೈವ್ ಅಕ್ಷರಗಳ ಕತೆ ಬೇಗ ಮುಗಿಸಿಬಿಡೋಣ. 1981ರ ಮೊದಲ ಡಾಸ್‌ನಲ್ಲಿ ಫೋಲ್ಡರುಗಳೇ ಇರಲಿಲ್ಲ. ಫ್ಲಾಪಿ ಹಾಕು, ಅದರಲ್ಲಿ ಏನಿದೆಯೋ ನೋಡು, ಅಷ್ಟೇ. ಎ, ಬಿ ಅನ್ನೋದು ಫ್ಲಾಪಿ ಡ್ರೈವುಗಳ ಹೆಸರು. 1983ರಲ್ಲಿ 10 ಎಂಬಿ ಹಾರ್ಡ್‌ಡಿಸ್ಕಿನ ಐಬಿಎಂ ಪಿಸಿ ಎಕ್ಸ್‌ಟಿ ಬಂತು, ಜೊತೆಗೆ ಡಾಸ್ 2.0, ಅದರಲ್ಲಿ ಫೋಲ್ಡರುಗಳು. ಸ್ಲ್ಯಾಶ್ ಚಿಹ್ನೆಯನ್ನು ಆಗಲೇ ಕಮ್ಯಾಂಡುಗಳ ಆಯ್ಕೆಗೆ ಬಳಸಿಯಾಗಿತ್ತು, ಹಾಗಾಗಿ ಉಲ್ಟಾ ಸ್ಲ್ಯಾಶ್. ಮರ ಬಂತು, ಆದರೆ ಅದರ ಬುಡದಲ್ಲಿ ಡಬ್ಬಿಯ ಅಕ್ಷರ ಹಾಗೇ ಉಳಿಯಿತು. ಫ್ಲಾಪಿಗಳು ಸತ್ತು ಎಷ್ಟೋ ವರ್ಷವಾಯಿತು, ಎ ಮತ್ತು ಬಿ ಇನ್ನೂ ತೀರಿಹೋದ ಹಿರಿಯರಿಗೆ ತೆಗೆದಿಟ್ಟ ಎಲೆಯ ಹಾಗೆ ಖಾಲಿ ಕೂತಿವೆ.

ಇಲ್ಲಿ ಲಿನಕ್ಸ್ ಅಭಿಮಾನಿಗಳು ನಗುತ್ತಾರೆ. ನಗಲಿ. ಅವರ ಮನೆಯ ದೋಸೆಯೂ ತೂತೇ.

ನ್ಯಾಯವಾಗಿ ಹೇಳಬೇಕೆಂದರೆ ಮೊದಲು ಯೋಚಿಸಿದವರು ಬಹಳ ಚೆನ್ನಾಗಿಯೇ ಯೋಚಿಸಿದ್ದರು. ಮಲ್ಟಿಕ್ಸ್ ಎಂಬ ವ್ಯವಸ್ಥೆಗಾಗಿ ಡೇಲಿ ಮತ್ತು ನ್ಯೂಮನ್ 1965ರಲ್ಲಿ ಒಂದು ಪ್ರಬಂಧ ಮಂಡಿಸಿದರು. ಇವತ್ತಿನ ಫೋಲ್ಡರ್ ಮರದ ಜಾತಕ ಅದರಲ್ಲಿದೆ. ಆದರೆ ನನಗೆ ಅದಕ್ಕಿಂತ ಇಷ್ಟವಾದದ್ದು ಇನ್ನೊಂದು ಮಾತು: ಯಾವ ಫೈಲ್ ಯಾವ ಸಾಧನದ ಮೇಲೆ ಕೂತಿದೆ ಅನ್ನೋದು ಬಳಸುವವನ ತಲೆನೋವಾಗಬಾರದು, ಕಡಿಮೆ ಬಳಸುವ ಫೈಲುಗಳು ತಾವಾಗಿಯೇ ನಿಧಾನದ ಸಾಧನಗಳಿಗೆ ಇಳಿದುಹೋಗಬೇಕು. ನಮ್ಮ ಹಳೇ ಮನೆಗಳ ಅಟ್ಟದ ಲೆಕ್ಕಾಚಾರವೇ ಇದು. ವರ್ಷಕ್ಕೊಮ್ಮೆ ಬೇಕಾಗುವ ದೊಡ್ಡ ಕೊಳದಪ್ಪಲೆ ಅಟ್ಟ ಸೇರುತ್ತೆ. ಆದರೂ ಅದು ಅಡುಗೆಮನೆಯ ಪಾತ್ರೆಯೇ. ಹೆಸರು ಒಂದು ಕಡೆ, ಜಾಗ ಇನ್ನೊಂದು ಕಡೆ, ಎರಡಕ್ಕೂ ಜಗಳವಿಲ್ಲ.

ಯುನಿಕ್ಸ್ ಆ ಆದರ್ಶವನ್ನು ಚಿಕ್ಕದಾಗಿ, ಚೊಕ್ಕವಾಗಿ ಮಾಡಿತು. ಇನ್ನೊಂದು ಡಿಸ್ಕ್ ಸಿಕ್ಕಿಸಿದರೆ ಹೊಸ ಅಕ್ಷರ ಕೊಡೋದಿಲ್ಲ, ಇರುವ ಮರದ ಒಂದು ಕೊಂಬೆಗೆ ಅದನ್ನು ಕಸಿ ಕಟ್ಟುತ್ತೆ. ಮೌಂಟ್ ಅಂತಾರಲ್ಲ, ಅದು. ಆದರೆ ಡಿಸ್ಕ್ ತುಂಬಿದಾಗ ಯುನಿಕ್ಸ್ ಮಾಡಿದವರೇ ಏನು ಮಾಡಿದರು ನೋಡಿ. 1970ರ ದಶಕದ ಆರಂಭ, ಬೆಲ್ ಲ್ಯಾಬ್ಸ್. ವ್ಯವಸ್ಥೆಯ ಪ್ರೋಗ್ರಾಮುಗಳಿಗೆ ಒಂದು ಡಿಸ್ಕ್, ಬಳಕೆದಾರರ ಫೈಲುಗಳಿಗೆ ಇನ್ನೊಂದು. ಎರಡನೆಯದರ ಹೆಸರು ಸ್ಲ್ಯಾಶ್ ಯುಎಸ್‌ಆರ್, ಅಂದರೆ ಯೂಸರ್. ಮೊದಲನೆಯದರಲ್ಲಿ ಜಾಗ ಸಾಲದೇ ಹೋಯಿತು, ಉಕ್ಕಿದ ಪ್ರೋಗ್ರಾಮುಗಳನ್ನು ಎರಡನೆಯದಕ್ಕೆ ಸುರಿದರು. ಹಾಗಾಗಿ ಸ್ಲ್ಯಾಶ್ ಬಿನ್ ಒಂದು, ಯುಎಸ್‌ಆರ್ ಒಳಗೆ ಇನ್ನೊಂದು ಬಿನ್. ಆಮೇಲೆ ಬಳಕೆದಾರರೇ ಬೇರೆ ಕಡೆಗೆ ಮನೆ ಬದಲಾಯಿಸಿದರು, ಹೆಸರು ಮಾತ್ರ ಅಲ್ಲೇ ಉಳಿಯಿತು. ಮುಂದಿನ ತಲೆಮಾರುಗಳು ಇದಕ್ಕೆ ಶಾಸ್ತ್ರ ಕಟ್ಟಿದವು: ‘ಬೂಟ್ ಆಗಲು ಅತ್ಯಗತ್ಯವಾದದ್ದು ಇಲ್ಲಿ, ಉಳಿದದ್ದು ಅಲ್ಲಿ’. ಇಂಟರ್‌ವ್ಯೂಗಳಲ್ಲಿ ಕೇಳುವ ಮಟ್ಟಿಗೆ ಅದು ಜ್ಞಾನವಾಯಿತು! ಕೊನೆಗೆ 2012ರಲ್ಲಿ ಫೆಡೋರಾ 17 ಎರಡನ್ನೂ ಒಂದು ಮಾಡಿತು. ಡೆಬಿಯನ್ ಅದನ್ನು ಕಡ್ಡಾಯ ಮಾಡುವ ಹೊತ್ತಿಗೆ 2023. ಒಂದು ಡಿಸ್ಕ್ ತುಂಬಿದ್ದಕ್ಕೆ ಅರ್ಧ ಶತಮಾನದ ಬಾಲ.

ಕಸಿ ಕಟ್ಟಿದ ಜಾಗ ಇನ್ನೂ ಕೆಲವು ಕಡೆ ಕಾಣುತ್ತೆ. ಯುನಿಕ್ಸಿನಲ್ಲಿ ಫೈಲು ಫೋಲ್ಡರಿನ ‘ಒಳಗೆ’ ಇರೋದಿಲ್ಲ. ಫೋಲ್ಡರಿನಲ್ಲಿ ಇರೋದು ಒಂದು ಹೆಸರು ಮತ್ತು ಐನೋಡ್ ಎಂಬ ಒಂದು ನಂಬರು. ಹಾಗಾಗಿ ಒಂದೇ ಫೈಲಿಗೆ ಎರಡು ಫೋಲ್ಡರಿನಲ್ಲಿ ಎರಡು ಹೆಸರು ಇಡಬಹುದು. ಹಾರ್ಡ್ ಲಿಂಕ್ ಅಂದರೆ ಅದೇ. ಒಂದು ಅಸಲಿ, ಇನ್ನೊಂದು ನಕಲಿ ಅಂತಿಲ್ಲ, ಎರಡೂ ಅಸಲಿ. ಆದರೆ ಒಂದು ಡಿಸ್ಕಿನಿಂದ ಇನ್ನೊಂದು ಡಿಸ್ಕಿಗೆ ಇದು ನಡೆಯೋದಿಲ್ಲ. ನಾಳೆ ಆ ಡಿಸ್ಕನ್ನು ಕಳಚಿದರೆ ಲೆಕ್ಕ ಇಡೋದು ಯಾರು ಅಂತ ಥಾಂಪ್ಸನ್ ಮತ್ತು ರಿಚಿ 1974ರ ತಮ್ಮ ಲೇಖನದಲ್ಲಿ ಪ್ರಾಮಾಣಿಕವಾಗಿ ಕಾರಣ ಕೊಟ್ಟಿದ್ದಾರೆ. 40 ಜಿಬಿ ಫೋಲ್ಡರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಳೆದಾಗ ಕೆಲವು ಸಲ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತೆ, ಕೆಲವು ಸಲ ಕಾಫಿ ಕುಡಿದು ಬಂದರೂ ಮುಗಿದಿರಲ್ಲ. ಮೊದಲನೆಯದರಲ್ಲಿ ಹೆಸರು ಮಾತ್ರ ಹೋಯಿತು, ಎರಡನೆಯದರಲ್ಲಿ ಸಾಮಾನೂ ಹೋಗಬೇಕಾಯಿತು. ಪರದೆಯ ಮೇಲೆ ಮಾತ್ರ ಎರಡೂ ಒಂದೇ ಥರ ಕಾಣುತ್ತವೆ. ನನ್ನ ದೂರಿನ ಮುಖ್ಯ ಭಾಗ ಇದೇ.

ಈಗ ಒಂದು ಸರಳ ಪ್ರಶ್ನೆ: ಈ ಫೋಲ್ಡರ್ ಎಷ್ಟು ಜಾಗ ತಿಂದಿದೆ? ಸರಳ ಅನ್ನಿಸುತ್ತೆ ಅಲ್ವಾ? ಒಂದೇ ಫೈಲಿಗೆ ಎರಡು ಫೋಲ್ಡರಿನಲ್ಲಿ ಹೆಸರಿದ್ದರೆ ಅದನ್ನು ಯಾರ ಖಾತೆಗೆ ಬರೆಯೋದು? ಡಿಯು ಅನ್ನೋ ಕಮ್ಯಾಂಡು ಮೊದಲು ಯಾವ ಫೋಲ್ಡರ್ ಕಂಡಿತೋ ಅದರ ತಲೆಗೆ ಕಟ್ಟಿ ಮುಂದಕ್ಕೆ ಹೋಗುತ್ತೆ. ಆ ಫೋಲ್ಡರನ್ನು ನೀವು ಅಳಿಸಿದರೆ ಒಂದು ಕೆಬಿಯೂ ವಾಪಸ್ ಬರದೇ ಇರಬಹುದು, ಇನ್ನೊಂದು ಹೆಸರು ಬದುಕಿದೆಯಲ್ಲ! ಸರ್ವರ್ ಕಾಯುವ ಕೆಲಸ ಮಾಡಿದವರಿಗೆ ರಾತ್ರಿ ಎರಡು ಗಂಟೆಯ ಒಂದು ದೃಶ್ಯ ಚೆನ್ನಾಗಿ ಗೊತ್ತು. ಡಿಸ್ಕ್ ನೂರಕ್ಕೆ ನೂರು ತುಂಬಿದೆ ಅಂತ ಅಲರ್ಟ್. ದೊಡ್ಡ ಲಾಗ್ ಫೈಲ್ ಹುಡುಕಿ ಅಳಿಸುತ್ತೀರಿ. ಇನ್ನೂ ನೂರೇ. ಯಾಕಂದ್ರೆ ಯಾವುದೋ ಪ್ರೋಗ್ರಾಮ್ ಆ ಫೈಲನ್ನು ತೆರೆದು ಹಿಡಿದುಕೊಂಡಿದೆ. ಹೆಸರು ಅಳಿಸಿದೆ, ಸಾಮಾನು ಅಲ್ಲೇ ಇದೆ. ಮರವನ್ನು ಎಷ್ಟು ಜಾಲಾಡಿದರೂ ಸಿಗದು, ಯಾಕಂದ್ರೆ ಅದು ಈಗ ಮರದಲ್ಲೇ ಇಲ್ಲ. ಆ ಪ್ರೋಗ್ರಾಮನ್ನು ನಿಲ್ಲಿಸಿದ ಕ್ಷಣ ಜಾಗ ದಿಢೀರನೆ ಬರುತ್ತೆ. ಎಕ್ಸ್‌ಟಿ4ನಲ್ಲಿ ಇನ್ನೊಂದು ತಮಾಷೆ ಇದೆ. ಸಾಮಾನ್ಯವಾಗಿ 5% ಜಾಗವನ್ನು ರೂಟ್ ಬಳಕೆದಾರನಿಗೆ ಎತ್ತಿಟ್ಟಿರುತ್ತೆ. 4 ಟಿಬಿ ಡಿಸ್ಕಾದರೆ 200 ಜಿಬಿ ಕಣ್ಣೆದುರೇ ಇದ್ದೂ ನಿಮ್ಮದಲ್ಲ.

ಹೊಸ ಫೈಲ್ ಸಿಸ್ಟಮ್‌ಗಳು ಇನ್ನೂ ಚಾಲಾಕು. ಆಪಲ್ 2017ರಲ್ಲಿ ಮ್ಯಾಕಿಗೆ ತಂದ ಎಪಿಎಫ್‌ಎಸ್‌ನಲ್ಲಿ ದೊಡ್ಡ ಫೈಲಿನ ನಕಲು ಮಾಡಿದರೆ ಜಾಗ ಖರ್ಚಾಗೋದಿಲ್ಲ, ಬದಲಾದ ಭಾಗ ಮಾತ್ರ ಹೊಸದಾಗಿ ಬರೆಯಲ್ಪಡುತ್ತೆ. ಸ್ನ್ಯಾಪ್‌ಶಾಟ್ ಇದ್ದರೆ ಅಳಿಸಿದ ಫೈಲೂ ಹಿನ್ನೆಲೆಯಲ್ಲಿ ಉಸಿರಾಡುತ್ತಿರುತ್ತೆ. ತಂತ್ರಜ್ಞಾನವಾಗಿ ಇವು ಅದ್ಭುತ, ನನಗೆ ಆ ಬಗ್ಗೆ ತಕರಾರಿಲ್ಲ. ಆದರೆ ಫೈಂಡರ್‌ನಲ್ಲಿ ಎರಡೂ ನಕಲುಗಳ ಎದುರು ಪೂರ್ತಿ ಸೈಜು ಬರೆದಿರುತ್ತೆ, ಎರಡನ್ನೂ ಕೂಡಿದರೆ ಡಿಸ್ಕಿನ ಲೆಕ್ಕಕ್ಕೆ ತಾಳೆಯಾಗೋದಿಲ್ಲ. ಅಂಗಡಿ ಚೀಟಿಯಲ್ಲಿ ಹೀಗೆ ಬರೆದರೆ ನಾವು ಸುಮ್ಮನಿರುತ್ತೇವಾ?

ಕ್ಲೌಡಿನವರು ಬಂದು ‘ಜಾಗದ ಮಾತೇ ಬಿಡಿ’ ಅಂದರು. ಗೂಗಲ್ ಡ್ರೈವಿನಲ್ಲಿ ಒಂದು ಫೈಲನ್ನು ಏಕಕಾಲಕ್ಕೆ ಹಲವು ಫೋಲ್ಡರುಗಳಲ್ಲಿ ಇಡಬಹುದಿತ್ತು. ಅದು ನನ್ನ ಮೆಚ್ಚಿನ ಸೌಲಭ್ಯ, ಯಾಕಂದ್ರೆ ಬದುಕು ಇರೋದೇ ಹಾಗೆ. ಬಾಡಿಗೆ ಕರಾರು ಪತ್ರ ‘ಮನೆ’ಗೂ ಸೇರಿದ್ದು, ‘ಟ್ಯಾಕ್ಸ್’ಗೂ ಸೇರಿದ್ದು. 2020ರ ಸೆಪ್ಟೆಂಬರ್ ಕೊನೆಗೆ ಅವರು ಅದನ್ನು ನಿಲ್ಲಿಸಿದರು. ಒಂದು ಫೈಲಿಗೆ ಒಂದೇ ಜಾಗ, ಬೇಕಿದ್ದರೆ ಶಾರ್ಟ್‌ಕಟ್ ಇಟ್ಟುಕೊಳ್ಳಿ ಅಂದರು. ನನ್ನ ಊಹೆ ಇಷ್ಟು: ಎರಡು ಫೋಲ್ಡರಿನ ಹಂಚಿಕೆ ನಿಯಮಗಳು ಒಂದೇ ಫೈಲಿನ ಮೇಲೆ ಬಿದ್ದಾಗ ‘ಇದನ್ನು ಯಾರು ನೋಡಬಹುದು’ ಅನ್ನೋದಕ್ಕೆ ಜನರಿಗೆ ಅರ್ಥವಾಗುವ ಉತ್ತರ ಇರಲಿಲ್ಲ. ಮರದಿಂದ ತಪ್ಪಿಸಿಕೊಂಡು ಹೊರಟವರು ಮರಕ್ಕೇ ವಾಪಸ್ ಬಂದರು. ಜಿಮೇಲ್ ಮಾತ್ರ 2004ರಿಂದ ಲೇಬಲ್ ಹಿಡಿದುಕೊಂಡೇ ಕೂತಿದೆ. ಈ ಮಧ್ಯೆ ಜಾಗ ಅನ್ನೋದು ಎಲ್ಲೂ ಮಾಯವಾಗಲಿಲ್ಲ. ಮೇಲ್, ಡ್ರೈವ್, ಫೋಟೋ ಎಲ್ಲ ಸೇರಿ 15 ಜಿಬಿ, ಅದು ತುಂಬಿದರೆ ತಿಂಗಳ ಬಾಡಿಗೆ. ಫೋಟೋಗಳಿಗಿದ್ದ ಲೆಕ್ಕವಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ಮುಗಿಯಿತು. ಆಂಡ್ರಾಯ್ಡ್‌ನ ವಾಟ್ಸ್‌ಆ್ಯಪ್ ಬ್ಯಾಕಪ್ಪೂ 2024ರಲ್ಲಿ ಅದೇ ಖಾತೆಗೆ ಸೇರತೊಡಗಿತು. ಬಾಡಿಗೆ ಕೇಳುವಾಗ ಜಾಗ ಇದೆ, ನಿಮ್ಮ ಸಾಮಾನು ಎಲ್ಲಿಟ್ಟಿದ್ದೀರಿ ಅಂದರೆ ಜಾಗ ಅನ್ನೋದೇ ಹಳೇ ಕಲ್ಪನೆ!

ಇದು ಬರೀ ತಾತ್ವಿಕ ಜಗಳ ಅಂದುಕೊಳ್ಳಬೇಡಿ. ನನ್ನ ಗೆಳೆಯನೊಬ್ಬನ ಅಪ್ಪನಿಗೆ ಕಳೆದ ವರ್ಷ ಆಸ್ಪತ್ರೆಯಲ್ಲಿ ತುರ್ತಾಗಿ ಹಳೇ ಸ್ಕ್ಯಾನ್ ಬೇಕಾಯಿತು. ಗೆಳೆಯ ಶಿಸ್ತಿನ ಮನುಷ್ಯ. ಅಪ್ಪ, ಅದರೊಳಗೆ ವರ್ಷ, ಅದರೊಳಗೆ ಆಸ್ಪತ್ರೆ ಅಂತ ಫೋಲ್ಡರ್ ಮಾಡಿ ಎಲ್ಲ ಜೋಡಿಸಿಟ್ಟಿದ್ದ. ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದ. ನೆಲಮಾಳಿಗೆಯ ಸ್ಕ್ಯಾನಿಂಗ್ ವಿಭಾಗ, ನೆಟ್‌ವರ್ಕ್ ಇಲ್ಲ. ಫೈಲು ಕಾಣುತ್ತಿದೆ, ಹೆಸರಿದೆ, ಸೈಜಿದೆ, ತೆರೆಯುತ್ತಿಲ್ಲ. ಅವನು ಬಳಸುವ ಕ್ಲೌಡ್ ಸೇವೆ, ‘ಇದನ್ನು ಬಹಳ ದಿನ ಮುಟ್ಟಿಲ್ಲ’ ಅಂತ ಲ್ಯಾಪ್‌ಟಾಪಿನಿಂದ ಖಾಲಿ ಮಾಡಿ ಬರೀ ಹೆಸರು ಉಳಿಸಿತ್ತು. ಹೆಸರಿನ ಪಕ್ಕ ಸಣ್ಣ ಮೋಡದ ಚಿತ್ರ ಇತ್ತಂತೆ, ಅಷ್ಟೇ ಎಚ್ಚರಿಕೆ. ಮೆಟ್ಟಿಲು ಹತ್ತಿ ರಸ್ತೆಗೆ ಬಂದು ಡೌನ್‌ಲೋಡ್ ಮಾಡಿಕೊಂಡು ಇಳಿದ, ಅವತ್ತಿನ ಕೆಲಸ ಆಯಿತು. ಇದು 1965ರ ಅಟ್ಟದ ಯೋಜನೆಯೇ. ಒಂದೇ ವ್ಯತ್ಯಾಸ, ಅಟ್ಟ ಈಗ ಬೇರೆಯವರ ಮನೆಯಲ್ಲಿದೆ, ಏಣಿ ಇಡೋದಕ್ಕೆ ನೆಟ್‌ವರ್ಕ್ ಬೇಕು. ಡೇಲಿ, ನ್ಯೂಮನ್ ಊಹಿಸಿದ ಮೆಶೀನಿನಲ್ಲಿ ನಿಧಾನದ ಸಾಧನವೂ ಅದೇ ಕಟ್ಟಡದಲ್ಲಿ ಇರುವಂಥದ್ದು.

ಫೋನಿನ ಕತೆ ಇನ್ನೊಂದು ಥರ. ಐಫೋನಿನಲ್ಲಿ 2017ರ ತನಕ ಫೈಲುಗಳನ್ನು ತೋರಿಸುವ ಆ್ಯಪ್ಪೇ ಇರಲಿಲ್ಲ. ಸ್ಟೋರೇಜ್ ತುಂಬಿದಾಗ ಒಂದು ಬಣ್ಣದ ಪಟ್ಟಿ ಮಾತ್ರ ಕಾಣುತ್ತೆ, ಅದರಲ್ಲಿ ‘ಸಿಸ್ಟಮ್ ಡೇಟಾ’ ಅನ್ನೋ ಬೂದು ಭಾಗ. ಮೊದಲು ಅದರ ಹೆಸರು ‘ಅದರ್’ ಅಂತಿತ್ತು. ಲೆಕ್ಕದ ಪುಸ್ತಕದಲ್ಲಿ ‘ಇತರೆ’ ಅನ್ನೋ ಸಾಲು ದೊಡ್ಡದಾದರೆ ಆಡಿಟರ್ ಹುಬ್ಬೇರಿಸುತ್ತಾರೆ, ನಾವು ಕಿರಾಣಿ ಲೆಕ್ಕದಲ್ಲೂ ಅದನ್ನು ಒಪ್ಪಲ್ಲ. ಆಂಡ್ರಾಯ್ಡ್‌ನಲ್ಲಿ ಮರ ಇದೆ, ಆದರೆ ಅಮ್ಮನ ಫೋನಿನ ಗುಡ್ ಮಾರ್ನಿಂಗ್ ಚಿತ್ರಗಳ ರಾಶಿ ಹುಡುಕಬೇಕಾದರೆ ಆಂಡ್ರಾಯ್ಡ್, ಮೀಡಿಯಾ, ಕಾಮ್ ಡಾಟ್ ವಾಟ್ಸ್‌ಆ್ಯಪ್, ವಾಟ್ಸ್‌ಆ್ಯಪ್, ಮತ್ತೆ ಮೀಡಿಯಾ ಅಂತ ಕೆಳಗಿಳಿಯಬೇಕು. ಜಯನಗರ 4ನೇ ಬ್ಲಾಕಿನಲ್ಲಿ 9ನೇ ಮೇನಿನ 11ನೇ ಕ್ರಾಸ್ ಹುಡುಕಿದ ಹಾಗೆ. ಅಲ್ಲಿ ‘ಸೆಂಟ್’ ಅಂತ ಇನ್ನೊಂದು ಫೋಲ್ಡರ್, ಅಮ್ಮ ಫಾರ್ವರ್ಡ್ ಮಾಡಿದ್ದರ ಪ್ರತಿಗಳಿಗೆ.

ಈಗಿನ ವಿದ್ಯಾರ್ಥಿಗಳಿಗೆ ಫೋಲ್ಡರ್ ಅಂದರೇನು ಅಂತಲೇ ಗೊತ್ತಿಲ್ಲ ಅಂತ 2021ರಲ್ಲಿ ‘ದ ವರ್ಜ್’ ಒಂದು ವರದಿ ಮಾಡಿತ್ತು. ಅದನ್ನು ಓದಿ ನನ್ನ ವಯಸ್ಸಿನವರು ತುಂಬ ನಕ್ಕರು. ನನಗೆ ನಗು ಬರಲಿಲ್ಲ. ಆ ಹುಡುಗರಿಗೆ ಮರವನ್ನು ತೋರಿಸಿದವರಾದರೂ ಯಾರು? ಎಲ್ಲವನ್ನೂ ಸರ್ಚ್ ಪೆಟ್ಟಿಗೆಯ ಹಿಂದೆ ಅಡಗಿಸಿಟ್ಟು, ಕೆಲಸಕ್ಕೆ ಸೇರಿದ ಮೊದಲ ದಿನ ಸರ್ವರ್ ಲಾಗಿನ್ ಕೊಟ್ಟು ‘ಡಿಸ್ಕ್ ಕ್ಲೀನ್ ಮಾಡು’ ಅಂದರೆ ಅವರೇನು ಮಾಡಬೇಕು?

ಮಾತಿಗೆ ಬಂತು ಅಂತ ಹೇಳುತ್ತೇನೆ, ಹೆಸರಿನ ಉದ್ದದಲ್ಲೂ ನಮಗೊಂದು ಅನ್ಯಾಯ ಇದೆ. ಎಕ್ಸ್‌ಟಿ4ನಲ್ಲಿ ಫೈಲಿನ ಹೆಸರು 255 ಬೈಟ್ ಮೀರೋ ಹಾಗಿಲ್ಲ. ಇಂಗ್ಲಿಷಿಗೆ ಅಕ್ಷರಕ್ಕೆ ಒಂದು ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು. ‘ಸ್ತ್ರೀ’ ಅನ್ನೋ ಒಂದೇ ಅಕ್ಷರದೊಳಗೆ ಆರು ಸಂಕೇತ, 18 ಬೈಟ್. ಅಂಥ ಹದಿನಾಲ್ಕು ಅಕ್ಷರಕ್ಕೆ ಕೋಟಾ ಖತಂ. ವಿಂಡೋಸಿನ ಎನ್‌ಟಿಎಫ್‌ಎಸ್ ಎಣಿಸೋದು ಬೇರೆ ರೀತಿ, ಅಲ್ಲಿ ಇಂಥ ನಲವತ್ತೆರಡು ಅಕ್ಷರ ಹಿಡಿಸುತ್ತೆ. ಅಲ್ಲಿ ಉದ್ದುದ್ದ ಕನ್ನಡ ಹೆಸರಿಟ್ಟು ಲಿನಕ್ಸಿಗೆ ಸಾಗಿಸಲು ಹೋದರೆ ‘ಹೆಸರು ಉದ್ದವಾಯಿತು’ ಅಂತ ನಿಲ್ಲಿಸಿಬಿಡುತ್ತೆ. ಸೋಬಾನೆ ಪದ ಸಂಗ್ರಹಿಸಿ ಹಾಡಿನ ಮೊದಲ ಸಾಲನ್ನೇ ಫೈಲಿನ ಹೆಸರಾಗಿ ಇಡುವವರು ಜೋಪಾನ.

ಮರ ಬೇಡ ಅಂತ ನಾನು ಹೇಳುತ್ತಿಲ್ಲ. ನನಗೆ ಬೇಕಾಗಿರೋದು ಒಂದೇ ಒಂದು ಅಂಕಿ: ಇದನ್ನು ಈಗ ಅಳಿಸಿದರೆ, ಈ ಯಂತ್ರದಲ್ಲಿ, ನನಗೆ ಎಷ್ಟು ಜಾಗ ವಾಪಸ್ ಬರುತ್ತೆ? ಇದು ಅಸಾಧ್ಯವೇನಲ್ಲ. ಲಿನಕ್ಸಿನ ಬಿಟಿಆರ್‌ಎಫ್‌ಎಸ್‌ನಲ್ಲಿ ಡಿಯು ಮಾಡಿದರೆ ಒಟ್ಟು ಎಷ್ಟು ಅಂತ ಒಂದು ಕಾಲಂ, ಅದರಲ್ಲಿ ಬೇರೆ ಯಾರೂ ಹಂಚಿಕೊಳ್ಳದೇ ಇದಕ್ಕೇ ಸೇರಿದ್ದು ಎಷ್ಟು ಅಂತ ಪಕ್ಕದಲ್ಲೇ ಇನ್ನೊಂದು ಕಾಲಂ. ನೋಡೋಕೆ ಒರಟು, ದೊಡ್ಡ ಫೋಲ್ಡರಾದರೆ ನಿಧಾನ, ಬಣ್ಣಗಿಣ್ಣ ಇಲ್ಲ. ಲಕ್ಷ ರೂಪಾಯಿ ಕೊಟ್ಟು ತಂದ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಎರಡನೇ ಕಾಲಂ ಹುಡುಕಿ ನೋಡಿ.